ಹಿತ್ತಲಲ್ಲಿ ಹಳೇ ಬಾವಿ ಇರೋ ಮನೆ ಕೊಳ್ಳೋ ಮುಂಚೆ

ಹಾಸನ, ಚಿಕ್ಕಮಗಳೂರು ಕಡೆ ಸ್ವಲ್ಪ ಹಳೇ ಮನೆ ನೋಡೋಕೆ ಹೋದರೆ ಹಿತ್ತಲಲ್ಲಿ ಒಂದು ಬಾವಿ ಸಿಕ್ಕೇ ಸಿಗುತ್ತದೆ. ಕೆಲವು ಮನೆಗಳಲ್ಲಿ ಬಚ್ಚಲಿಗೆ ಅಂಟಿಕೊಂಡಿರುತ್ತದೆ, ಇನ್ನು ಕೆಲವು ಕಡೆ ಅಡುಗೆಮನೆ ಕಿಟಕಿಯಿಂದಲೇ ನೀರು ಸೇದುವ ಹಾಗೆ ಕಟ್ಟಿರುತ್ತಾರೆ. ನಲ್ಲಿ ಬಂದ ಮೇಲೆ ಹಗ್ಗ ಹೋಯಿತು, ರಾಟೆ ಹೋಯಿತು, ಬಾವಿ ಮೇಲೆ ಒಂದು ತಗಡು ಬಿತ್ತು, ತಗಡಿನ ಮೇಲೆ ಒಡೆದ ಹೆಂಚು, ತೆಂಗಿನ ಗರಿ, ಹಳೇ ಟೈರು. ಬ್ರೋಕರ್ ಅದರ ಪಕ್ಕ ನಿಂತು "ಬಾವಿ ಬೇರೆ ಇದೆ ಸಾರ್, ನೀರಿಗೆ ಯೋಚನೇನೇ ಇಲ್ಲ" ಅನ್ನುತ್ತಾನೆ. ಜೊತೆಗೆ ಬಂದ ಅತ್ತೆ "ಮೊದಲು ಅದನ್ನ ಮುಚ್ಸಿ, ಮಕ್ಕಳಿರೋ ಮನೆ" ಅನ್ನುತ್ತಾರೆ. ಎರಡೂ ಅವಸರದ ಮಾತೇ.

ಇಟ್ಟುಕೊಳ್ಳೋದೋ ಮುಚ್ಚೋದೋ ಆಮೇಲೆ ನೋಡೋಣ. ಬಾವಿ ಯಾರದು, ಎಷ್ಟು ಆಳ, ಗೋಡೆ ಹೇಗಿದೆ, ಒಳಗೆ ಏನು ಬಿದ್ದಿದೆ, ಇಷ್ಟು ಗೊತ್ತಾಗೋವರೆಗೆ ಅಡ್ವಾನ್ಸ್ ಕೊಡಬೇಡಿ. ಅಡ್ವಾನ್ಸ್ ಕೈಗೆ ಬೀಳೋವರೆಗೆ ಬಾವಿ ಮಾರುವವರ ತಲೆನೋವು, ಬಿದ್ದ ಮೇಲೆ ನಿಮ್ಮದು.

ಬಾವಿ ಯಾರದು?

ಇದೇನು ಪ್ರಶ್ನೆ, ಸೈಟಿನೊಳಗಿದ್ದರೆ ಸೈಟಿನವರದ್ದೇ ಅಲ್ವಾ ಅನ್ನಿಸಬಹುದು. ಅಲ್ಲ. ನಮ್ಮ ಕಡೆ ಅಣ್ಣತಮ್ಮಂದಿರು ಪಾಲಾಗುವಾಗ ಮನೆಗೆ ಗೋಡೆ ಹಾಕಬಹುದು, ತೋಟಕ್ಕೆ ಬೇಲಿ ಹಾಕಬಹುದು, ಬಾವಿಗೆ ಏನು ಮಾಡೋದು? ಹಾಗಾಗಿ ವಿಭಾಗ ಪತ್ರದಲ್ಲಿ "ಬಾವಿಯಲ್ಲಿ ಅರ್ಧ ಭಾಗ" ಅಥವಾ "ಬಾವಿಯಿಂದ ನೀರು ಸೇದಿಕೊಳ್ಳುವ ಹಕ್ಕು ಇಬ್ಬರಿಗೂ ಇರತಕ್ಕದ್ದು" ಅಂತ ಒಂದು ಸಾಲು ಬರೆದು ಬಿಟ್ಟಿರುತ್ತಾರೆ. ಆಮೇಲೆ ಒಬ್ಬರ ಭಾಗ ಕೈ ಬದಲಾಗುತ್ತದೆ, ಹೊಸ ಕ್ರಯಪತ್ರ ಬರೆಯುವವರು ಆ ಸಾಲನ್ನು ಬಿಟ್ಟುಬಿಡುತ್ತಾರೆ. ಕಾಗದದಲ್ಲಿ ಬಿಟ್ಟುಹೋಯಿತು ಅಂದ ಮಾತ್ರಕ್ಕೆ ಪಕ್ಕದವರ ಹಕ್ಕು ಹೋಗಿಬಿಡೋದಿಲ್ಲ. ನೀವು ದುಡ್ಡು ಕೊಟ್ಟು, ಮನೆ ಒಕ್ಕಲಾಗಿ, ಟ್ರ್ಯಾಕ್ಟರಲ್ಲಿ ಮಣ್ಣು ತರಿಸಿ ಬಾವಿಗೆ ಸುರಿಸೋಕೆ ಶುರು ಮಾಡಿದ ದಿನ ಪಕ್ಕದ ಮನೆಯವರು ಹಳೇ ವಿಭಾಗ ಪತ್ರ ಹಿಡಿದುಕೊಂಡು ಗೇಟಿಗೆ ಬರುತ್ತಾರೆ.

ಅದಕ್ಕೇ ಈಗಿನ ಕ್ರಯಪತ್ರ ಒಂದನ್ನೇ ನೋಡಿದರೆ ಸಾಲದು. ಅದರ ಹಿಂದಿನದು, ಅದರ ಹಿಂದಿನದು, ಹೀಗೆ ಮೂಲ ಪತ್ರದವರೆಗೆ ಕೇಳಿ, ಮುಖ್ಯವಾಗಿ ವಿಭಾಗ ಪತ್ರ. ಕನಿಷ್ಠ 30 ವರ್ಷದ ಇಸಿ, ಅಂದರೆ ಋಣಭಾರ ಪತ್ರ, ತೆಗೆಸಿ. ಹತ್ತಿರದ ವರ್ಷಗಳದ್ದು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲೇ ಸಿಗುತ್ತದೆ, ಹಳೆಯದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕಾಗಬಹುದು. ಇಸಿಯಲ್ಲಿ ರಿಜಿಸ್ಟರ್ ಆದದ್ದು ಮಾತ್ರ ಬರುತ್ತದೆ ಅನ್ನೋದು ನೆನಪಿರಲಿ. ಊರಿನ ಹಿರಿಯರನ್ನು ಕೂರಿಸಿಕೊಂಡು ಬಿಳಿ ಹಾಳೆಯಲ್ಲಿ ಮಾಡಿಕೊಂಡ ಪಾಲು ಪಟ್ಟಿ ಅಲ್ಲಿ ಕಾಣೋದಿಲ್ಲ.

ಪತ್ರದಲ್ಲಿ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿಯ ವಿವರ) ಓದುವಾಗ ಬಾವಿ ಎಲ್ಲಿ ಬರುತ್ತದೆ ನೋಡಿ. "ಉತ್ತರಕ್ಕೆ: ಜಂಟಿ ಬಾವಿ" ಅಂತಲೋ "ಬಾವಿಗೆ ಹೋಗುವ ಓಣಿ" ಅಂತಲೋ ಇದ್ದರೆ ಆ ಬಾವಿ ನಿಮ್ಮ ಗಡಿಯ ಹೊರಗಿದೆ ಅಂತ ಅರ್ಥ, ಈಗಿನ ಕಾಂಪೌಂಡು ಏನೇ ಹೇಳಲಿ. ಹಳೇ ಪತ್ರಗಳಲ್ಲಿ ಬರುವ "ನಿಧಿ, ನಿಕ್ಷೇಪ, ಜಲ, ತರು, ಪಾಷಾಣ" ಅನ್ನೋ ಸಾಲು ನೋಡಿ ಜಲವೆಲ್ಲ ನಮ್ಮದಾಯಿತು ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ಮಾರುವವರಿಗೆ ಎಷ್ಟು ಹಕ್ಕಿತ್ತೋ ಅಷ್ಟೇ ನಿಮಗೆ ಬರೋದು.

ಇನ್ನೊಂದು ತರಹದ ತಕರಾರು ಇದೆ. ಕಾಗದದಲ್ಲಿ ಏನೂ ಇಲ್ಲ, ಆದರೆ ಹಿಂಬದಿಯ ಮನೆಯವರು 20 ವರ್ಷಕ್ಕಿಂತ ಜಾಸ್ತಿ ಕಾಲ ಯಾರ ಅಡ್ಡಿಯೂ ಇಲ್ಲದೆ, ಹಕ್ಕು ಅಂತಲೇ ಎಲ್ಲರಿಗೂ ಕಾಣುವ ಹಾಗೆ ಆ ಬಾವಿಯಿಂದ ನೀರು ಒಯ್ದಿದ್ದಾರೆ. ಅಂಥವರು ಅನುಭೋಗದ ಹಕ್ಕು, ಅಂದರೆ ಬಹಳ ಕಾಲ ಬಳಸಿಕೊಂಡು ಬಂದದ್ದರಿಂದ ಹುಟ್ಟುವ ಹಕ್ಕು, ಕೇಳಬಹುದು. ಸುಮ್ನೆ ಕೇಳಿ ತಗೊಂಡು ಹೋಗ್ತಿದ್ದವರ ಕಥೆ ಬೇರೆ. ಯಾವುದು ಯಾವುದು ಅಂತ ವಕೀಲರು ನೋಡಿ ಹೇಳಲಿ, ಆದರೆ ಸುದ್ದಿ ತರಬೇಕಾದವರು ನೀವು. ಕಾಂಪೌಂಡು ಗೋಡೆ ಬಾವಿಯ ನಡು ಮಧ್ಯೆ ಹಾದು ಹೋಗಿದೆಯಾ? ಆ ಕಡೆಯಿಂದಲೂ ರಾಟೆ ಕಟ್ಟುವ ಕಂಬದ ಗುರುತು ಇದೆಯಾ? ಪಕ್ಕದವರ ಹಿತ್ತಲ ಬಾಗಿಲು ಸೀದಾ ಬಾವಿಗೇ ಬರುತ್ತದಾ? ಇಂಥದ್ದು ಕಂಡರೆ ಪಕ್ಕದ ಮನೆಗೆ ಹೋಗಿ ಮಾತಾಡಿ. ಬ್ರೋಕರ್ ಇಲ್ಲದ ಹೊತ್ತಿನಲ್ಲಿ ಹೋಗಿ.

ಆ ಮನೆಯಲ್ಲಿ ವಯಸ್ಸಾದವರಿದ್ದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. "ಅಜ್ಜಿ, ಈ ಬಾವೀಲಿ ಬೇಸಿಗೇಲೂ ನೀರು ಇರ್ತಿತ್ತಾ?" ಅಂತ ಶುರು ಮಾಡಿ. ನೀರು ಯಾವ ತಿಂಗಳು ತಳ ಕಾಣುತ್ತಿತ್ತು, ಕುಡಿಯೋಕೆ ಬಳಸ್ತಿದ್ದರಾ ಇಲ್ಲ ಬರೀ ಪಾತ್ರೆಗೆ ಬಟ್ಟೆಗಾ, ಯಾಕೆ ಬಿಟ್ಟರು, ಯಾರಾದರೂ ಬಿದ್ದಿದ್ದರಾ, ಎಲ್ಲ ತಾನಾಗೇ ಬರುತ್ತದೆ. ಬಾವಿಯಲ್ಲಿ ಯಾರೋ ಹೋಗಿಬಿಟ್ಟರು ಅನ್ನೋ ಕಾರಣಕ್ಕೆ ನೀರು ಮುಟ್ಟದೆ ಬಿಟ್ಟ ಬಾವಿಗಳು ಕಡಿಮೆ ಏನಿಲ್ಲ. ಅದನ್ನು ಮಾರುವವರು ಹೇಳೋದಿಲ್ಲ. ನೀವು ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳೋರೋ ಅಲ್ವೋ, ಮನೆಯಲ್ಲಿ ಯಾರೋ ಒಬ್ಬರು ಕೆಡಿಸಿಕೊಳ್ಳುತ್ತಾರೆ. ಮೊದಲೇ ಗೊತ್ತಿರೋದು ವಾಸಿ.

ಹಳ್ಳಿಯಲ್ಲಾದರೆ ಇನ್ನೂ ಒಂದು ನೋಡಬೇಕು. ರಸ್ತೆ ಬದಿಯ ಸರ್ಕಾರಿ ಬಾವಿಯನ್ನು ಯಾರೂ ಬಳಸದೆ ಬಿಟ್ಟಾಗ ಪಕ್ಕದ ಮನೆಯವರು ಮೆಲ್ಲಗೆ ಕಾಂಪೌಂಡಿನೊಳಗೆ ಸೇರಿಸಿಕೊಂಡಿರುತ್ತಾರೆ. ಪಂಚಾಯ್ತಿಯಲ್ಲಿ ವಿಚಾರಿಸಿ, ಇ-ಸ್ವತ್ತಿನ (ಪಂಚಾಯ್ತಿಯ ಆಸ್ತಿ ದಾಖಲೆಯ) ಅಳತೆಯನ್ನು ಜಾಗದ ಅಳತೆಗೆ ತಾಳೆ ನೋಡಿ. ಅನುಮಾನ ಇದ್ದರೆ ಮಾರುವವರ ಖರ್ಚಿನಲ್ಲೇ ಅಳತೆ ಮಾಡಿಸಿ, ಸರ್ವೆ ನಂಬರಿನ ಜಮೀನಾದರೆ ಹದ್ದುಬಸ್ತಿಗೆ, ಅಂದರೆ ಸರ್ವೆಯವರಿಂದ ಗಡಿ ಗುರುತಿಸೋಕೆ, ಅರ್ಜಿ ಹಾಕಿಸಿ.

ಹಗ್ಗ, ಕಲ್ಲು, ಕನ್ನಡಿ

ಬಾವಿ ನೋಡೋಕೆ ಸರಿಯಾದ ಕಾಲ ಏಪ್ರಿಲ್ ಕೊನೆ, ಮೇ. ಜುಲೈ ಆಗಸ್ಟಿನಲ್ಲಿ ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಯಾವ ಬಾವಿ ನೋಡಿದರೂ ಕೈಗೆಟಕುವ ಹಾಗೆ ನೀರು ಇರುತ್ತದೆ, ಅದನ್ನು ನೋಡಿ ಏನೂ ಹೇಳೋಕಾಗಲ್ಲ. ಅರಸೀಕೆರೆ, ಕಡೂರು ಕಡೆ ಉಲ್ಟಾ. ಅಲ್ಲಿ ಬೋರ್‌ವೆಲ್ ಮೇಲೆ ಬೋರ್‌ವೆಲ್ ಕೊರೆದು ಎಷ್ಟೋ ತೆರೆದ ಬಾವಿಗಳು ಬತ್ತಿಹೋಗಿವೆ. ಮಳೆಗಾಲದಲ್ಲಿ ಮನೆ ನೋಡುತ್ತಿದ್ದರೆ ಬಾವಿ ಗೋಡೆಯ ಕಲ್ಲು ನೋಡಿ. ನೀರು ನಿಂತು ಇಳಿದ ಕಡೆಯೆಲ್ಲ ಬಣ್ಣದ ಗೆರೆ ಇರುತ್ತದೆ, ಪಾಚಿಯ ಪಟ್ಟಿ ಎಲ್ಲಿ ನಿಲ್ಲುತ್ತದೆ ಅನ್ನೋದರಲ್ಲಿ ಸ್ವಲ್ಪ ಅಂದಾಜು ಸಿಗುತ್ತದೆ.

ತಗಡು ತೆಗೆಸಿ. ಮಾರುವವರು "ತೆಗೆಯೋಕೆ ಆಳು ಬೇಕು, ಆಮೇಲೆ ನೋಡೋಣ" ಅಂದರೆ ಆಳಿನ ಕೂಲಿ ನೀವೇ ಕೊಡಿ. ಅಂಚಿಗೆ ಹೋಗೋ ಮುಂಚೆ ಕಟ್ಟೆ ಗಟ್ಟಿ ಇದೆಯಾ ನೋಡಿ. ಕಟ್ಟೆಯೇ ಇಲ್ಲದ ಬಾವಿಯಾದರೆ ಹತ್ತಿರ ಹೋಗಲೇಬೇಡಿ, ಮೇಲಿನ ಮಣ್ಣು ಗಟ್ಟಿಯಾಗಿ ಕಂಡರೂ ಕೆಳಗೆ ಕೊರೆದು ಹೋಗಿ ಬರೀ ಅಂಚು ನಿಂತಿರಬಹುದು. ಅಗಲವಾದ ಹಲಗೆ ಹಾಕಿಸಿ ಅದರ ಮೇಲಿಂದ ನೋಡಿ.

ನೋಡೋಕೆ ಟಾರ್ಚಿಗಿಂತ ಕನ್ನಡಿ ಒಳ್ಳೆಯದು. ಬಿಸಿಲು ಚೆನ್ನಾಗಿರೋ ಹೊತ್ತಲ್ಲಿ ಮುಖ ನೋಡಿಕೊಳ್ಳೋ ಸಾಧಾರಣ ಕನ್ನಡಿ ಹಿಡಿದು ಬಿಸಿಲನ್ನು ಒಳಕ್ಕೆ ಬಿಟ್ಟರೆ ತಳದ ಕಲ್ಲಿನ ಸಂದಿಯೂ ಕಾಣುತ್ತದೆ. ಬೆಳಕನ್ನು ಮೇಲಿಂದ ಕೆಳಕ್ಕೆ ಸುತ್ತುತ್ತಾ ಬನ್ನಿ. ಕಲ್ಲು ಕಟ್ಟಿದ ಬಾವಿಯಲ್ಲಿ ಗೋಡೆ ಒಂದು ಕಡೆ ಹೊಟ್ಟೆ ಬಿಟ್ಟಿದೆಯಾ, ಕಲ್ಲು ಬಿದ್ದು ಗೂಡಾಗಿದೆಯಾ, ಮಣ್ಣು ಸುರಿದ ಗುರುತಿದೆಯಾ ನೋಡಿ. ಮಲೆನಾಡಿನ ಕಡೆ ಜಂಬಿಟ್ಟಿಗೆ ನೆಲದಲ್ಲಿ ತೋಡಿದ ಬಾವಿಗೆ ಎಷ್ಟೋ ಸಲ ಕಟ್ಟಡವೇ ಇರೋದಿಲ್ಲ, ಅದು ತಾನಾಗೇ ನಿಲ್ಲುತ್ತದೆ, ಆದರೆ ಮೇಲಿನ ಕೆಲವು ಅಡಿ ಮೆತ್ತನೆ ಮಣ್ಣು ಇರುವಲ್ಲಿ ಕುಸಿಯುತ್ತದೆ. ಸಿಮೆಂಟ್ ರಿಂಗ್ ಬಾವಿಯಾದರೆ ರಿಂಗುಗಳು ಒಂದರ ಮೇಲೊಂದು ನೇರ ಕೂತಿವೆಯಾ, ಜರುಗಿವೆಯಾ ಅನ್ನೋದೇ ಮುಖ್ಯ. ಕಲ್ಲಿನ ಸಂದಿಯಲ್ಲಿ ಅರಳಿ, ಆಲ, ಅತ್ತಿ ಗಿಡ ಹುಟ್ಟಿದ್ದರೆ ಬೇರು ಗೋಡೆಯನ್ನು ಒಳಗಿಂದ ಬಿಚ್ಚುತ್ತಿದೆ ಅಂತ ಲೆಕ್ಕ. ಅದನ್ನು ಯಾರೂ ಎಳೆದು ಕೀಳಬಾರದು, ಬೇರಿನ ಜೊತೆ ಕಲ್ಲೂ ಬರುತ್ತದೆ. ಕತ್ತರಿಸಬೇಕು ಅಷ್ಟೇ.

ಆಳಕ್ಕೆ ಹಗ್ಗ. ನೈಲಾನ್ ಹಗ್ಗಕ್ಕೆ ಮೂರು ಮೂರು ಅಡಿಗೆ ಗಂಟು ಹಾಕಿ, ತುದಿಗೆ ಅರ್ಧ ಇಟ್ಟಿಗೆ ಕಟ್ಟಿ ಬಿಡಿ. ಹಗ್ಗ ಸಡಿಲವಾದರೆ ತಳ ಸಿಕ್ಕಿತು. ಮೇಲೆ ಎಳೆದಾಗ ಒದ್ದೆ ಇರೋದು ನೀರಿನ ಆಳ, ಒಣಗಿರೋದು ನೀರಿಗೆ ಇರುವ ದೂರ. ಇಟ್ಟಿಗೆಗೆ ಅಂಟಿಕೊಂಡು ಬಂದ ಹೂಳನ್ನು ನೋಡಿ. ಕೆಂಪು ಮಣ್ಣೋ ಮರಳೋ ಬಂದರೆ ಪರವಾಗಿಲ್ಲ. ಕಪ್ಪಗೆ ಅಂಟಂಟಾಗಿ ಕೊಳೆತ ಮೊಟ್ಟೆ ವಾಸನೆ ಬಂದರೆ ಕೆಳಗೆ ವರ್ಷಗಟ್ಟಲೆ ಬಿದ್ದ ಎಲೆ, ಕಸ ಕೊಳೆಯುತ್ತಿದೆ, ಒಳಗೆ ವಿಷದ ಗಾಳಿ ಇರಬಹುದು. ಇಟ್ಟಿಗೆ ನಾಲ್ಕೈದು ಕಡೆ ಬೇರೆ ಬೇರೆ ಆಳದಲ್ಲಿ ನಿಂತರೆ ಕೆಳಗೆ ಕಟ್ಟಡದ ಕಸ ಸುರಿದಿರಬಹುದು.

ಇನ್ನೊಂದು, ಇದನ್ನು ಹೇಳೋಕೆ ಬೇಜಾರು, ಆದರೂ ಹೇಳಲೇಬೇಕು. ಎಷ್ಟೋ ಮನೆಗಳಲ್ಲಿ ಹೊಸ ಟಾಯ್ಲೆಟ್ ಕಟ್ಟಿಸುವಾಗ ಗುಂಡಿ ತೋಡೋ ಖರ್ಚು ಉಳೀತು ಅಂತ ಪೈಪನ್ನು ಹಳೇ ಬಾವಿಗೇ ಬಿಟ್ಟಿರುತ್ತಾರೆ. ಅಕ್ಕಪಕ್ಕದ ಬಾವಿಗಳಿಗೂ ಅದರಿಂದ ಕೇಡು. ಟಾಯ್ಲೆಟ್ ಪೈಪು ಎಲ್ಲಿ ಹೋಗುತ್ತದೆ, ಗುಂಡಿ ಎಲ್ಲಿದೆ ಅಂತ ಕೇಳಿ. "ಹಿಂದೆ ಎಲ್ಲೋ ಇದೆ" ಅಂದರೆ ಬಿಡಬೇಡಿ. ಬಟ್ಟೆಗೆ ಹಾಕೋ ನೀಲಿಯನ್ನು ಒಂದು ಬಕೆಟ್ ನೀರಿಗೆ ಜಾಸ್ತಿಯೇ ಕಲಸಿ ಕಮೋಡಿಗೆ ಸುರಿಸಿ, ಮೇಲೆ ಇನ್ನೂ ಎರಡು ಬಕೆಟ್ ನೀರು ಬಿಟ್ಟು ಬಾವಿ ಹತ್ತಿರ ನಿಂತು ನೋಡಿ. ಸೀದಾ ಬಿಟ್ಟಿದ್ದರೆ ಗೊತ್ತಾಗಿಬಿಡುತ್ತದೆ. ಸೀದಾ ಬಿಡದಿದ್ದರೂ ಗುಂಡಿ ಮತ್ತು ಬಾವಿಯ ನಡುವೆ ಕನಿಷ್ಠ 50-60 ಅಡಿ ಇಲ್ಲದಿದ್ದರೆ ಆ ನೀರು ಕುಡಿಯೋಕಲ್ಲ ಅಂತಲೇ ಇಟ್ಟುಕೊಳ್ಳಿ. 30x40 ಸೈಟಿನಲ್ಲಿ ಅಷ್ಟು ದೂರ ಎಲ್ಲಿಂದ ಬರಬೇಕು ಹೇಳಿ.

ನೀರಿದ್ದರೆ ಎಷ್ಟು ಬರುತ್ತದೆ ಅಂತಲೂ ನೋಡಬಹುದು. ಮೋಟಾರ್ ಇಟ್ಟು ನಾಲ್ಕೈದು ಅಡಿ ನೀರು ತೆಗೆಸಿ ನಿಲ್ಲಿಸಿ, ಗಂಟೆಗೊಮ್ಮೆ ಹಗ್ಗ ಬಿಟ್ಟು ಎಷ್ಟು ಏರಿತು ಅಂತ ಬರೆದುಕೊಳ್ಳಿ. ಎರಡು ಮೀಟರ್ ಅಗಲದ ಬಾವಿಯಲ್ಲಿ ಒಂದು ಅಡಿ ನೀರು ಅಂದರೆ ಸುಮಾರು 950 ಲೀಟರ್. ನಗರದ ಲೆಕ್ಕದಲ್ಲಿ ತಲೆಗೆ ದಿನಕ್ಕೆ 135 ಲೀಟರ್, ಐದು ಜನಕ್ಕೆ 675. ಅಂದರೆ ಇಡೀ ದಿನದಲ್ಲಿ ಒಂದು ಅಡಿ ಒರತೆ ಬಂದರೂ ಮನೆ ನಡೆಯುತ್ತದೆ. "ಸೆಲೆ ಕಮ್ಮಿ" ಅಂತ ಬಿಟ್ಟ ಬಾವಿಗಳೂ ಈ ಲೆಕ್ಕದಲ್ಲಿ ಪಾಸಾಗುವುದುಂಟು. ಆದರೆ ಬಾವಿಯನ್ನು ಒಂದೇ ಸಲಕ್ಕೆ ತಳ ಕಾಣುವ ಹಾಗೆ ಖಾಲಿ ಮಾಡಬೇಡಿ. ಸುತ್ತಲಿನ ಮಣ್ಣಿನಲ್ಲಿ ನೀರು ತುಂಬಿರುತ್ತದೆ, ಒಳಗಿನ ನೀರಿನ ಒತ್ತು ತಟ್ಟನೆ ಹೋದರೆ ಹಳೇ ಗೋಡೆ ಒಳಕ್ಕೆ ಕುಸಿಯಬಹುದು. ಮಳೆಗಾಲದಲ್ಲಂತೂ ಈ ಕೆಲಸಕ್ಕೆ ಹೋಗಲೇಬಾರದು.

ಯಾರನ್ನೂ ಇಳಿಸಬೇಡಿ

ಹಳೇ ಬಾವಿಗೆ ಇಳಿದು ಉಸಿರುಗಟ್ಟಿ ಸತ್ತವರ ಸುದ್ದಿ ಬೇಸಿಗೆಯಲ್ಲಿ ಪೇಪರ್‌ಗಳಲ್ಲಿ ಬರುತ್ತಲೇ ಇರುತ್ತದೆ. ಹೆಚ್ಚಿನ ಕಡೆ ಒಂದೇ ಕಥೆ. ಒಬ್ಬ ಇಳಿದ, ಅಲ್ಲೇ ಕುಸಿದ, ಅವನನ್ನು ಎತ್ತೋಕೆ ಇನ್ನೊಬ್ಬ ಇಳಿದ, ಅವನೂ ಮೇಲೆ ಬರಲಿಲ್ಲ. ಮುಚ್ಚಿಟ್ಟ ಬಾವಿಯಲ್ಲಿ ಕೊಳೆತ ಕಸದಿಂದ ಇಂಗಾಲದ ಡೈಆಕ್ಸೈಡ್, ಮೀಥೇನ್, ಹೈಡ್ರೋಜನ್ ಸಲ್ಫೈಡ್ ಸೇರಿಕೊಳ್ಳುತ್ತವೆ, ಆಮ್ಲಜನಕ ಕಮ್ಮಿಯಾಗಿರುತ್ತದೆ. ಸಾಧಾರಣ ಗಾಳಿಯಲ್ಲಿ ಆಮ್ಲಜನಕ ಶೇ 20.9 ಇರುತ್ತದೆ, 19.5ಕ್ಕಿಂತ ಕೆಳಗೆ ಹೋದರೆ ಅಪಾಯ ಅಂತ ಲೆಕ್ಕ. ಹೈಡ್ರೋಜನ್ ಸಲ್ಫೈಡ್ ಜಾಸ್ತಿ ಇದ್ದರೆ ಮೂಗಿಗೇ ಮಂಕು ಕವಿಯುತ್ತದೆ, ವಾಸನೆ ಹೋಯಿತು, ಈಗ ಸರಿಯಾಯಿತು ಅಂದುಕೊಳ್ಳುತ್ತಾರೆ.

ಲಾಂದ್ರ ಇಳಿಬಿಟ್ಟು ನೋಡೋದು ಹಳೇ ಪದ್ಧತಿ. ದೀಪ ಆರಿದರೆ ಇಳಿಯಬಾರದು, ಅದು ಸರಿ. ಆದರೆ ದೀಪ ಉರಿಯಿತು ಅಂದ ಮಾತ್ರಕ್ಕೆ ಇಳಿಯಬಹುದು ಅಂತಲ್ಲ, ವಿಷದ ಗಾಳಿ ಇದ್ದರೂ ದೀಪ ಉರಿಯುತ್ತದೆ, ಮೀಥೇನ್ ಇದ್ದರೆ ಬೆಂಕಿಯೇ ಅಪಾಯ. ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಿ ಓಡಿಸೋದು ಇನ್ನೊಂದು ಕೆಟ್ಟ ಅಭ್ಯಾಸ, ಅದರ ಹೊಗೆ ಅಲ್ಲೇ ನಿಲ್ಲುತ್ತದೆ.

ಹೂಳು ತೆಗೆಸೋದಿದ್ದರೆ ಅದನ್ನೇ ಕಸುಬು ಮಾಡಿಕೊಂಡಿರೋ ತಂಡವನ್ನು ಕರೆಸಿ. ಗಾಳಿ ಅಳೆಯುವ ಮೀಟರ್ ಇದೆಯಾ, ಒಳಗೆ ಗಾಳಿ ಊದುವ ಬ್ಲೋಯರ್ ತರುತ್ತಾರಾ, ಸೊಂಟಕ್ಕೆ ಬೆಲ್ಟು ಹಾಕಿ ಮೇಲೆ ಇಬ್ಬರು ಹಗ್ಗ ಹಿಡಿದು ನಿಲ್ಲುತ್ತಾರಾ ಕೇಳಿ. "ಅದೆಲ್ಲ ಏನೂ ಬೇಡ ಸ್ವಾಮಿ, ಒಂದು ಕ್ವಾರ್ಟರ್ ಹಾಕ್ಕೊಂಡು ಇಳಿದುಬಿಡ್ತೀನಿ" ಅನ್ನೋರನ್ನು ಕೈಮುಗಿದು ವಾಪಸ್ ಕಳಿಸಿ. ಯಾರಾದರೂ ಕುಸಿದರೆ ನೀವು ಇಳಿಯಬೇಡಿ, 112 ಅಥವಾ ಅಗ್ನಿಶಾಮಕದ 101ಕ್ಕೆ ಫೋನ್ ಮಾಡಿ.

ಕಾಣದ ಬಾವಿ

ಕಾಣುವ ಬಾವಿಗಿಂತ ನನಗೆ ಹೆದರಿಕೆ ಜಾಸ್ತಿ ಕಾಣದ ಬಾವಿಯದ್ದು. ಎಂದೋ ಮುಚ್ಚಿ, ಅದರ ಮೇಲೇ ರೂಮೋ ಕಾರ್ ಶೆಡ್ಡೋ ಕಟ್ಟಿರುತ್ತಾರೆ. ತುಂಬಿದ ಮಣ್ಣು ವರ್ಷಾನುಗಟ್ಟಲೆ ಕೂರುತ್ತಾ ಹೋಗುತ್ತದೆ, ಮೇಲಿನ ಗೋಡೆಯಲ್ಲಿ ಅಡ್ಡಡ್ಡ ಓರೆಯಾಗಿ ಬಿರುಕು ಬರುತ್ತದೆ, ಸಿಮೆಂಟ್ ಮೆತ್ತಿ ಬಣ್ಣ ಹೊಡೆಸಿದರೂ ಮತ್ತೆ ಬರುತ್ತದೆ. ಹಿತ್ತಲಲ್ಲಿ ನೆಲ ದುಂಡಗೆ ತಗ್ಗಾಗಿದ್ದರೆ, ಬೇಸಿಗೆಯಲ್ಲೂ ಒಂದು ಕಡೆ ಮಾತ್ರ ಹುಲ್ಲು ಹಸಿರಾಗಿದ್ದರೆ, ಟೈಲ್ಸ್ ಮೇಲೆ ತಟ್ಟಿದಾಗ ಒಂದು ಜಾಗದಲ್ಲಿ ಟೊಳ್ಳು ಸದ್ದು ಬಂದರೆ, ಕಲ್ಲಿನ ದೋಣಿಯೋ ಬಟ್ಟೆ ಒಗೆಯೋ ಕಲ್ಲೋ ಯಾವ ನಲ್ಲಿಯೂ ಹತ್ತಿರ ಇಲ್ಲದ ಮೂಲೆಯಲ್ಲಿ ಬಿದ್ದಿದ್ದರೆ, "ಇಲ್ಲಿ ಬಾವಿ ಇತ್ತಾ?" ಅಂತ ನೇರ ಕೇಳಿ. ಬರೀ ಕಡಪ ಕಲ್ಲು ಹಾಸಿ ಅಥವಾ ತೆಳ್ಳಗೆ ಸ್ಲ್ಯಾಬ್ ಎಳೆದು ಮೇಲೆ ಮಣ್ಣು ಹಾಕಿರೋದೂ ಇದೆ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಎಂದು ಬಿಡುತ್ತದೋ ಗೊತ್ತಿಲ್ಲ, ಕಾರು ನಿಲ್ಲಿಸೋದು ಅದರ ಮೇಲೇ. ಮನೆ ಗೋಡೆಯ ಕೆಳಗೆ ಬಾವಿ ಇದೆ ಅಂತ ಗೊತ್ತಾದರೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಮುಂದೆ ಹೋಗಬೇಡಿ. ನಾನಾದರೆ ಬೇರೆ ಮನೆ ನೋಡುತ್ತೇನೆ.

ಇಟ್ಟುಕೊಳ್ಳೋದಾದರೆ

ಗೋಡೆ ಗಟ್ಟಿ ಇದ್ದು, ಟಾಯ್ಲೆಟ್ ಗುಂಡಿ ದೂರ ಇದ್ದು, ತಕರಾರು ಇಲ್ಲದಿದ್ದರೆ ನನ್ನ ಮತ ಇಟ್ಟುಕೊಳ್ಳಿ ಅಂತಲೇ. ಹಾಸನಕ್ಕೆ ಹೇಮಾವತಿ ನೀರು ಬರುತ್ತದೆ, ಚಿಕ್ಕಮಗಳೂರಿಗೆ ಯಗಚಿ, ಹಿರೇಕೊಳಲೆ ಕೆರೆ ಇವೆ, ಎಲ್ಲ ಸರಿ, ಪೈಪ್ ಒಡೆದ ವಾರ ಟ್ಯಾಂಕರಿಗೆ ಫೋನ್ ಮಾಡೋದು ತಪ್ಪಿದ್ದಲ್ಲ. ಕುಡಿಯೋಕೆ ಬೇಡ, ಪಾತ್ರೆ ಬಟ್ಟೆ ಗಿಡಕ್ಕೆ ಆದರೂ ಸಾಕಲ್ವಾ.

ಹೂಳು ತೆಗೆಸಿ, ಗೋಡೆ ರಿಪೇರಿ ಮಾಡಿಸಿದ ಮೇಲೆ ನೀರು ಪರೀಕ್ಷೆಗೆ ಕೊಡಿ. ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಜಿಲ್ಲಾ ಪ್ರಯೋಗಾಲಯದಲ್ಲಿ ಮಾಡಿಸಬಹುದು, ಖಾಸಗಿ ಲ್ಯಾಬ್‌ಗಳೂ ಇವೆ. ಬ್ಯಾಕ್ಟೀರಿಯಾ ಪರೀಕ್ಷೆಗೆ ಅವರೇ ಕೊಡುವ ಬಾಟಲಿ ಬೇಕು, ಕೋಕಾಕೋಲಾ ಬಾಟಲಿ ತೊಳೆದು ತುಂಬಿಕೊಂಡು ಹೋದರೆ ರಿಪೋರ್ಟಿಗೆ ಅರ್ಥ ಇಲ್ಲ. ರಿಪೋರ್ಟಿನಲ್ಲಿ ಮೊದಲು ಇ. ಕೋಲಿ ನೋಡಿ, 100 ಮಿಲಿಯಲ್ಲಿ ಒಂದೂ ಇರಬಾರದು. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು, ದಾಟಿದ್ದರೆ ಕೊಟ್ಟಿಗೆಯೋ ಗುಂಡಿಯೋ ಗೊಬ್ಬರವೋ ಎಲ್ಲಿಂದಲೋ ಇಳಿಯುತ್ತಿದೆ. ಫ್ಲೋರೈಡ್ 1ರೊಳಗಿದ್ದರೆ ಒಳ್ಳೆಯದು, 1.5 ಮೀರಲೇಬಾರದು. ಬಯಲುಸೀಮೆ ಕಡೆ ಇದನ್ನು ಬಿಡದೆ ನೋಡಿಸಿ. ಕಾಫಿ ತೋಟದ ಕೆಳಗಿನ ಮನೆಯಾದರೆ ಕುಯ್ಲಿನ ಕಾಲದಲ್ಲಿ, ಅಂದರೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಇನ್ನೊಮ್ಮೆ ನೋಡಿಸಿ. ಪಲ್ಪರ್ ನೀರು (ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಕೊಳಕು ನೀರು) ಹಳ್ಳಕ್ಕೆ ಬಿಡುವ ತೋಟ ಮೇಲಿದ್ದರೆ ಆಗ ಬಾವಿ ನೀರಿನ ಬಣ್ಣ, ವಾಸನೆ ಬೇರೆಯಾಗಬಹುದು.

ಬ್ಲೀಚಿಂಗ್ ಪೌಡರ್ ಹಾಕುವಾಗ ಕೈಲಿ ಬಂದಷ್ಟು ಸುರಿಯಬೇಡಿ, ಲೆಕ್ಕ ಇದೆ. ಬಾವಿಯ ಅಗಲವನ್ನು ಮೀಟರ್‌ನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 0.785ರಿಂದ ಗುಣಿಸಿ. ಬಂದದ್ದು ಸಾವಿರ ಲೀಟರ್‌ಗಳ ಲೆಕ್ಕ. ಎರಡು ಮೀಟರ್ ಅಗಲ, ಮೂರು ಮೀಟರ್ ನೀರು ಇದ್ದರೆ ಸುಮಾರು 9,400 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೇ ಪೌಡರ್, ಅಂದರೆ ಇಲ್ಲಿ ಸುಮಾರು 24 ಗ್ರಾಂ. ಇದು ಮಾಮೂಲಿ ದಿನಗಳ ಲೆಕ್ಕ. ಹೂಳು ತೆಗೆದ ಮೇಲೆ ಮೊದಲ ಸಲ ಇದಕ್ಕಿಂತ ಎಷ್ಟೋ ಪಾಲು ಜಾಸ್ತಿ ಹಾಕಿ, ಒಂದು ದಿನ ಬಿಟ್ಟು, ಕ್ಲೋರಿನ್ ವಾಸನೆ ಹೋಗೋವರೆಗೆ ನೀರು ಹೊರಗೆ ಹಾಕಬೇಕು. ಅದರ ಪ್ರಮಾಣ ಆರೋಗ್ಯ ಇಲಾಖೆಯವರನ್ನು ಕೇಳಿ. ಪೌಡರನ್ನು ಬಕೆಟ್‌ನಲ್ಲಿ ಸ್ವಲ್ಪ ನೀರು ಹಾಕಿ ಪೇಸ್ಟಿನ ಹಾಗೆ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ಸೇರಿಸಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್‌ಗೆ ಬಗ್ಗಿಸಿಕೊಂಡು, ಹಗ್ಗ ಕಟ್ಟಿ ನೀರಿನೊಳಕ್ಕೆ ಇಳಿಸಿ ಮೇಲೆ ಕೆಳಗೆ ಆಡಿಸಿ. ತಳದ ಸುಣ್ಣವನ್ನು ಬಾವಿಗೆ ಹಾಕಬೇಡಿ, ನೀರು ಗಡಸಾಗುತ್ತದೆ. ಒಂದು ಗಂಟೆ ಬಿಟ್ಟು ಬಳಸಿ.

ಕಟ್ಟೆ ಕನಿಷ್ಠ ಮೂರು ಅಡಿ ಎತ್ತರ ಇರಲಿ, ಸುತ್ತ ಹೊರಕ್ಕೆ ಇಳಿಜಾರಾಗಿ ಕಾಂಕ್ರೀಟ್ ಹಾಕಿಸಿ, ಚೆಲ್ಲಿದ ನೀರು ವಾಪಸ್ ಬಾವಿಗೆ ಇಳಿಯಬಾರದು. ಮೇಲೆ ಕಬ್ಬಿಣದ ಜಾಲರಿ, ಬೀಗ, ಅದರ ಮೇಲೆ ಸಣ್ಣ ಕಣ್ಣಿನ ಬಲೆ. ಮಕ್ಕಳಿರುವ ಮನೆಯಲ್ಲಿ ಜಾಲರಿ ಮೊದಲು ಬರಬೇಕು, ಗೃಹಪ್ರವೇಶ ಆಮೇಲೆ. ಸೊಳ್ಳೆಗೆ ಗಪ್ಪಿ ಮೀನು ಬಿಡಿ, ಆರೋಗ್ಯ ಇಲಾಖೆಯವರೇ ಕೊಡುತ್ತಾರೆ. ಬ್ಲೀಚಿಂಗ್ ಹಾಕುವ ಬಾವಿಗೆ ಮೀನು ಬೇಡ, ಎರಡರಲ್ಲಿ ಒಂದು.

ಬತ್ತಿದ ಬಾವಿಯೂ ದಂಡ ಅಲ್ಲ. ಸಾವಿರ ಚದರ ಅಡಿ ಸೂರಿನ ಮೇಲೆ ಒಂದು ಇಂಚು ಮಳೆ ಬಿದ್ದರೆ 2,300 ಲೀಟರಿಗಿಂತ ಜಾಸ್ತಿ ನೀರು. ಸೂರಿನ ಪೈಪನ್ನು ಜಲ್ಲಿ, ಮರಳು, ಇದ್ದಿಲಿನ ಒಂದು ಸಣ್ಣ ತೊಟ್ಟಿಗೆ ಬಿಟ್ಟು, ಅಲ್ಲಿಂದ ಬಾವಿಗೆ ಇಳಿಸಿದರೆ ಪಕ್ಕದ ಬೋರಿಗೂ ಅನುಕೂಲ. ಮೊದಲ ಮಳೆಯ ನೀರು ಹೊರಗೆ ಹೋಗಲಿ, ರಸ್ತೆ ನೀರು, ಅಂಗಳದ ನೀರು ಬಿಡಲೇಬೇಡಿ.

ಮುಚ್ಚೋದೇ ಆದರೆ

ತಳಪಾಯಕ್ಕೆ ತೀರಾ ಹತ್ತಿರ ಇದ್ದು ಗೋಡೆ ಕುಸಿಯುತ್ತಿದ್ದರೆ, ಅಥವಾ ಒಳಗೆ ಟಾಯ್ಲೆಟ್ ನೀರು ಸೇರಿ ಕೆಟ್ಟುಹೋಗಿದ್ದರೆ ಮುಚ್ಚಿ. ಆದರೆ ಅರ್ಧಂಬರ್ಧ ಮುಚ್ಚಬೇಡಿ. ಮನೆ ಕೆಡವಿದ ಕಸ, ಪ್ಲಾಸ್ಟಿಕ್, ಮರದ ತುಂಡು ಸುರಿದರೆ ಕೊಳೆತು ಕುಸಿಯುತ್ತದೆ, ಅಕ್ಕಪಕ್ಕದ ನೀರೂ ಕೆಡುತ್ತದೆ. ಒಳಗಿನ ಕಸ ತೆಗೆಸಿ, ಬ್ಲೀಚಿಂಗ್ ಹಾಕಿಸಿ, ನೀರು ಇರುವ ಎತ್ತರದವರೆಗೆ ತೊಳೆದ ಜಲ್ಲಿ, ಮರಳು ತುಂಬಿಸಿ. ಅದರ ಮೇಲೆ ಜೇಡಿ ಮಣ್ಣನ್ನು ಸ್ವಲ್ಪ ಸ್ವಲ್ಪವೇ ಹಾಕಿ ದಮ್ಮಸು ಮಾಡಿಸುತ್ತಾ ಬನ್ನಿ. ಮೇಲಿನ ಮೂರ್ನಾಲ್ಕು ಅಡಿ ಕಟ್ಟಡವನ್ನು ಬಿಚ್ಚಿಸಿ, ಬರೀ ಜೇಡಿ ಮಣ್ಣು ತುಂಬಿಸಿ, ನೆಲಕ್ಕಿಂತ ಅರ್ಧ ಅಡಿ ಉಬ್ಬಾಗಿ ಬಿಡಿ, ಎರಡು ಮೂರು ಮಳೆಗಾಲದಲ್ಲಿ ಕೂತುಕೊಳ್ಳುತ್ತದೆ. ಆ ಜಾಗದ ಮೇಲೆ ಏನೂ ಕಟ್ಟಬೇಡಿ, ಕಾರೂ ಬೇಡ. ಹೂವಿನ ಗಿಡ ಹಾಕಿಕೊಳ್ಳಿ.

ಖರ್ಚು ಕಮ್ಮಿ ಅಂದುಕೊಳ್ಳಬೇಡಿ. ಆರು ಅಡಿ ಅಗಲ, 40 ಅಡಿ ಆಳದ ಬಾವಿಗೆ 1,130 ಘನ ಅಡಿ ಮಾಲು ಬೇಕು, ಟ್ರ್ಯಾಕ್ಟರ್ ಟ್ರೈಲರಿಗೆ 100 ಅಂತ ಹಿಡಿದರೂ 11 ಲೋಡು ದಾಟುತ್ತದೆ, ದಮ್ಮಸು ಮಾಡಿದಾಗ ಇನ್ನೂ ಜಾಸ್ತಿ. ಓಣಿ ಮನೆಯಾದರೆ ಬುಟ್ಟಿಯಲ್ಲಿ ಹೊರಿಸಬೇಕು.

ಬಾವಿ ಮುಚ್ಚೋಕೆ ಎಷ್ಟೋ ಮೇಸ್ತ್ರಿಗಳು ಗಂಗೆ ಪೂಜೆ ಆಗದೆ ಕೈ ಹಾಕೋದಿಲ್ಲ. ಅರಿಶಿನ ಕುಂಕುಮ, ತೆಂಗಿನಕಾಯಿ, ದಕ್ಷಿಣೆ, ಅಷ್ಟೇ ತಾನೇ, ಮಾಡಿಸಿ, ಎಲ್ಲರ ಮನಸ್ಸಿಗೂ ಸಮಾಧಾನ. ಕೆಲವರು ಗಂಗೆಗೆ ಉಸಿರಾಡೋಕೆ ಅಂತ ತಳದಿಂದ ಮೇಲಿನವರೆಗೆ ಒಂದು ಪಿವಿಸಿ ಪೈಪ್ ನಿಲ್ಲಿಸುತ್ತಾರೆ. ನಿಲ್ಲಿಸಿದರೆ ಅದರ ಬಾಯಿಗೆ ಮುಚ್ಚಳ ಹಾಕಿಸಿ, ಇಲ್ಲದಿದ್ದರೆ ಕೊಳಕು ನೀರು ಸೀದಾ ಕೆಳಗೆ ಇಳಿಯೋಕೆ ನೀವೇ ದಾರಿ ಮಾಡಿಕೊಟ್ಟ ಹಾಗೆ.

ಹಿತ್ತಲಲ್ಲಿ ಬತ್ತಿದ ಬೋರ್‌ವೆಲ್ ಇದ್ದರೆ ಯೋಚನೆ ಮಾಡೋದೇ ಬೇಡ, ಮುಚ್ಚಿಸಿ. ಕೇಸಿಂಗ್ ಬಾಯಿಗೆ ಗೋಣಿಚೀಲ ತುರುಕಿ ಕಲ್ಲಿಟ್ಟಿರೋದು ಮುಚ್ಚಿದ್ದಲ್ಲ. ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲು ತುಂಬಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ.

ಕರಾರಿನಲ್ಲಿ ಬರೆಸೋದು

ಮೇಲಿನದೆಲ್ಲ ಬಾಯಿಮಾತಿನಲ್ಲಿ ಬಿಟ್ಟರೆ ಪ್ರಯೋಜನ ಇಲ್ಲ. ಕ್ರಯದ ಕರಾರಿನಲ್ಲಿ "ಸದರಿ ಸ್ವತ್ತಿನಲ್ಲಿರುವ ತೆರೆದ ಬಾವಿಯಲ್ಲಿ ಬೇರೆ ಯಾರಿಗೂ ಭಾಗವಾಗಲಿ, ನೀರು ಸೇದುವ ಹಕ್ಕಾಗಲಿ, ಬಾವಿಗೆ ಹೋಗಿಬರುವ ದಾರಿಯ ಹಕ್ಕಾಗಲಿ ಇರುವುದಿಲ್ಲ. ಮುಂದೆ ಅಂಥ ತಕರಾರು ಬಂದಲ್ಲಿ ಮಾರುವವರೇ ಸ್ವಂತ ಖರ್ಚಿನಲ್ಲಿ ಬಗೆಹರಿಸಿಕೊಡತಕ್ಕದ್ದು" ಅಂತ ಬರೆಸಿ, ಅದನ್ನೇ ಕ್ರಯಪತ್ರದಲ್ಲೂ ತರಿಸಿ. ಜಂಟಿ ಬಾವಿಯಾದರೆ ಪಕ್ಕದವರ ಒಪ್ಪಿಗೆ ಬರಹದಲ್ಲಿರಲಿ. ಅವರು ಹಕ್ಕು ಬಿಟ್ಟುಕೊಡೋದಾದರೆ ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಮಾಡಿಸಿ, ಛಾಪಾ ಕಾಗದದಲ್ಲಿ ಸುಮ್ನೆ ಸಹಿ ಹಾಕಿಸಿಕೊಂಡರೆ ಸಾಲದು. ಹೂಳು ತೆಗೆಸೋದು, ಕಟ್ಟೆ ರಿಪೇರಿ, ಟಾಯ್ಲೆಟ್ ಪೈಪ್ ಬದಲಿಸೋದು ಯಾರ ಖರ್ಚು ಅಂತ ತೀರ್ಮಾನಿಸಿ. ಮಾರುವವರೇ ಮಾಡಿಸಿಕೊಡ್ತೀನಿ ಅಂದರೆ ರಿಜಿಸ್ಟ್ರೇಷನ್‌ಗೆ ಮುಂಚೆ ಮುಗಿಯಬೇಕು, ಇಲ್ಲವೇ ಅಷ್ಟು ದುಡ್ಡು ಹಿಡಿದುಕೊಳ್ಳಿ. ವಾಸ್ತು ಪ್ರಕಾರ ಬಾವಿ ಈಶಾನ್ಯದಲ್ಲಿಲ್ಲ ಅಂತ ಹೇಳಿ ಒಂದಷ್ಟು ಇಳಿಸೋರೂ ಇದ್ದಾರೆ. ಅದು ಚೌಕಾಸಿ, ನಿಮ್ಮ ಇಷ್ಟ.

ಬಾವಿಗೆ ಬೇರೆ ಮೋಟಾರ್ ಮೀಟರ್ ಇದ್ದರೆ ಅದರ ಆರ್‌ಆರ್ ನಂಬರ್ (ಕರೆಂಟ್ ಸಂಪರ್ಕದ ನಂಬರ್) ತಗೊಂಡು ಬಾಕಿ ಎಷ್ಟಿದೆ ವಿಚಾರಿಸಿ, ಹಾಸನದಲ್ಲಿ ಸೆಸ್ಕ್, ಚಿಕ್ಕಮಗಳೂರಿನಲ್ಲಿ ಮೆಸ್ಕಾಂ. ವರ್ಷಗಟ್ಟಲೆ ಬಳಸದ ಮೀಟರಿಗೂ ತಿಂಗಳ ಚಾರ್ಜು ಏರುತ್ತಲೇ ಇರುತ್ತದೆ. ಬಾಕಿ ಕಟ್ಟಿದ ರಸೀದಿ ಕೈಗೆ ಬಂದ ಮೇಲೆ ಹೆಸರು ಬದಲಾವಣೆಗೆ ಅರ್ಜಿ ಕೊಡಿ.